ಸ್ಫಟಿಕ: ಬೆಣಚುಕಲ್ಲಿನ ಅಪರೂಪದ ರೂಪ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ರಸ್ತೆಗೆಂದು ಗುಡ್ಡ ಕಡಿದ ಕಡೆ ಕೆಂಪು ಮಣ್ಣಿನ ನಡುವೆ ಬಿಳಿಯ ಪಟ್ಟಿಯಾಗಿ ಕಾಣಿಸಿಕೊಳ್ಳುವ, ಹಳ್ಳದ ದಂಡೆಯಲ್ಲಿಯೂ ತೋಟದ ಬಸಿಗಾಲುವೆಯಲ್ಲಿಯೂ ಉರುಟು ಕಲ್ಲಾಗಿ ಕಾಲಿಗೆ ತಗಲುವ ಬೆಣಚುಕಲ್ಲಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಇದೇ ನೆಲದ ಶೃಂಗೇರಿ ಶಾರದಾಪೀಠದಲ್ಲಿ ಚಂದ್ರಮೌಳೀಶ್ವರನೆಂದು ಪೂಜೆಗೊಳ್ಳುವ ಲಿಂಗವು ಸ್ಫಟಿಕದ್ದು. ಖನಿಜವಿಜ್ಞಾನದ ಲೆಕ್ಕದಲ್ಲಿ ಬೆಣಚುಕಲ್ಲು ಮತ್ತು ಸ್ಫಟಿಕ ಎರಡೂ ಕ್ವಾರ್ಟ್ಜ್ ಎಂಬ ಒಂದೇ ಖನಿಜ. ಎರಡರಲ್ಲಿಯೂ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ ಎಂಬ ಎರಡೇ ಮೂಲಧಾತುಗಳು, ಅದೂ ಒಂದಕ್ಕೆ ಎರಡರ ಪ್ರಮಾಣದಲ್ಲಿ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಅರ್ಧದಷ್ಟು ಆಮ್ಲಜನಕವಾದರೆ ಕಾಲು ಭಾಗಕ್ಕೂ ಹೆಚ್ಚು ಸಿಲಿಕಾನ್. ಆದ್ದರಿಂದ ಸ್ಫಟಿಕದ ಕಚ್ಚಾವಸ್ತುವಿಗೆ ಭೂಮಿಯಲ್ಲಿ ಎಂದೂ ಕೊರತೆಯಿಲ್ಲ. ಹೀಗಿದ್ದೂ ಅಂಗೈ ತುಂಬುವಷ್ಟು ದೊಡ್ಡದಾದ, ಮಬ್ಬಾಗಲಿ ಬಿರುಕಾಗಲಿ ಇಲ್ಲದ ಹರಳು ಸಿಗುವುದು ಅಪರೂಪ. ಅಂಥ ಹರಳನ್ನು ಅಪರೂಪವಾಗಿಸುವುದು ಅದರ ಪರಮಾಣುಗಳ ತಪ್ಪಿಲ್ಲದ ಜೋಡಣೆ, ಮತ್ತು ಆ ಜೋಡಣೆ ಕೆಡದಂತೆ ಅದು ಬೆಳೆದು ಉಳಿದುಬಂದ ರೀತಿ. ಸ್ಫಟಿಕದ ಗುಣಗಳನ್ನೂ ಉಪಯೋಗಗಳನ್ನೂ ಅರ್ಥಮಾಡಿಕೊಳ್ಳಲು ಈ ಜೋಡಣೆಯೇ ಬೀಗದ ಕೈ.

ಶೃಂಗೇರಿಯ ಪರಂಪರೆಯ ನಂಬಿಕೆಯಂತೆ ಅಲ್ಲಿಯ ಸ್ಫಟಿಕಲಿಂಗವು ಶಿವನಿಂದ ಆದಿಶಂಕರರಿಗೆ ದೊರೆತು, ಅವರಿಂದ ಪೀಠದ ಗುರುಪರಂಪರೆಗೆ ಬಂದುದು; ಪೀಠಾಧಿಪತಿಗಳೇ ಅದನ್ನು ಪೂಜಿಸುವ ಸಂಪ್ರದಾಯವಿದೆ. ಶಾರದೆಯ, ಅಂದರೆ ಸರಸ್ವತಿಯ, ಕೈಯ ಜಪಮಾಲೆಯನ್ನು ಸ್ಫಟಿಕದ್ದೆಂದು ಧ್ಯಾನಶ್ಲೋಕಗಳು ವರ್ಣಿಸುತ್ತವೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ರತ್ನಗಳನ್ನು ಹೆಸರಿಸುವಾಗ ಸ್ಫಟಿಕವನ್ನೂ ಸೇರಿಸಿದ್ದಾನೆ. ಮುಂದೆ ರೂಢಿಗೆ ಬಂದ ನವರತ್ನಗಳ ಪಟ್ಟಿಯಲ್ಲಾದರೋ ಅದಕ್ಕೆ ಸ್ಥಾನ ದೊರೆಯಲಿಲ್ಲ. ವಜ್ರ, ಮಾಣಿಕ್ಯ, ನೀಲಗಳ ಸಾಲಿನಲ್ಲಿ ಬಣ್ಣವಿಲ್ಲದ, ವಜ್ರದ ಹೊಳಪೂ ಇಲ್ಲದ ಕಲ್ಲು ಹಿಂದೆ ಸರಿದದ್ದು ಆಭರಣದ ದೃಷ್ಟಿಯಿಂದ ಸಹಜವೇ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಕಳೆದ ಇನ್ನೂರು ವರ್ಷಗಳಲ್ಲಿ ಮನುಷ್ಯನಿಗೆ ಸ್ಫಟಿಕದಷ್ಟು ಪಾಠ ಕಲಿಸಿದ ರತ್ನ ಇನ್ನೊಂದಿಲ್ಲ.

ಸ್ಫಟಿಕದ ಒಳರಚನೆಯಲ್ಲಿ ಪ್ರತಿಯೊಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ಚತುಷ್ಫಲಕದ, ಅಂದರೆ ನಾಲ್ಕು ತ್ರಿಕೋನ ಮುಖಗಳುಳ್ಳ ಘನಾಕೃತಿಯ, ನಾಲ್ಕು ಮೂಲೆಗಳಲ್ಲಿ ನಿಂತಿರುತ್ತವೆ. ಪ್ರತಿಯೊಂದು ಆಮ್ಲಜನಕವೂ ಪಕ್ಕದ ಇನ್ನೊಂದು ಸಿಲಿಕಾನಿನೊಂದಿಗೆ ಹಂಚಿಕೆಯಾಗಿರುವುದರಿಂದ ಇಡೀ ಹರಳು ಬಿಡಿಸಲಾಗದಂತೆ ಹೆಣೆದುಕೊಂಡ ಒಂದೇ ಜಾಲವಾಗಿರುತ್ತದೆ. ಎಲ್ಲ ದಿಕ್ಕುಗಳಲ್ಲಿಯೂ ಬಂಧಗಳು ಗಟ್ಟಿಯಾಗಿರುವ ಕಾರಣ ಅದು ಅಭ್ರಕದಂತೆ ಪದರು ಪದರಾಗಿ ಏಳುವುದಿಲ್ಲ. ಒಡೆದಾಗ ಅದರ ಮುರಿದ ಮೈಯಲ್ಲಿ ಚಿಪ್ಪಿನಾಕಾರದ ಬಾಗುಗೆರೆಗಳು ಮೂಡುತ್ತವೆ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಅಳತೆಪಟ್ಟಿಯಲ್ಲಿ ಸ್ಫಟಿಕಕ್ಕೆ 7ನೆಯ ಸ್ಥಾನ. ಮಾಣಿಕ್ಯ ಮತ್ತು ನೀಲಗಳ ಮೂಲಖನಿಜವಾದ ಕುರುಂದ 9ರಲ್ಲಿಯೂ ವಜ್ರ 10ರಲ್ಲಿಯೂ ಇವೆ. ಕಿಟಕಿಯ ಗಾಜು ಮತ್ತು ಮಾಮೂಲಿ ಚಾಕುವಿನ ಉಕ್ಕು 7ಕ್ಕಿಂತ ಕೆಳಗಿರುವುದರಿಂದ ಇವೆರಡರ ಮೇಲೂ ಸ್ಫಟಿಕವು ಗೀರು ಎಳೆಯಬಲ್ಲದು. ಹಿಂದಿನ ಕಾಲದಲ್ಲಿ ಚಕಮಕಿಯಿಂದ ಬೆಂಕಿ ಮಾಡುತ್ತಿದ್ದುದು ಈ ಗುಣದಿಂದಲೇ: ಕ್ವಾರ್ಟ್ಜ್ ಜಾತಿಯ ಕಲ್ಲಿನ ಅಂಚು ಉಕ್ಕಿನ ತುಣುಕಿನಿಂದ ಸಣ್ಣ ಚೂರುಗಳನ್ನು ಕೆತ್ತಿ ಹಾರಿಸುತ್ತದೆ, ಆ ಚೂರುಗಳು ಗಾಳಿಯಲ್ಲಿ ಉರಿದು ಕಿಡಿಗಳಾಗುತ್ತವೆ.

ಇನ್ನೊಂದು ಸಂಗತಿಯನ್ನು ಮಲೆನಾಡಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಕತ್ತಲೆಯ ಕೋಣೆಯಲ್ಲಿ ಎರಡು ಒಣ ಬೆಣಚುಕಲ್ಲುಗಳನ್ನು ಬಲವಾಗಿ ಉಜ್ಜಿದರೆ ಉಜ್ಜಿದ ಜಾಗದಲ್ಲಿ, ಕಲ್ಲಿನ ಒಳಗಿನಿಂದಲೇ ಬಂದಂತೆ, ಮಂದವಾದ ಬೆಳಕು ಮಿನುಗುತ್ತದೆ. ಜೊತೆಗೆ ಸುಟ್ಟಂಥ ವಾಸನೆಯೂ ಬರುತ್ತದೆ. ಇದಕ್ಕೆ ಘರ್ಷಣದೀಪ್ತಿ ಎನ್ನಬಹುದು. ಹರಳಿನಲ್ಲಿ ಸೂಕ್ಷ್ಮ ಬಿರುಕುಗಳು ಬಿಡುವಾಗ ಬಿರುಕಿನ ಎರಡು ಮೈಗಳಲ್ಲಿ ವಿರುದ್ಧ ವಿದ್ಯುದಂಶಗಳು ಬೇರ್ಪಟ್ಟು, ಅವುಗಳ ನಡುವೆ ಆಗುವ ವಿಸರ್ಜನೆ ಈ ಬೆಳಕಿಗೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ.

ಸ್ಫಟಿಕವು ಹುಟ್ಟುವುದು ಬಿಸಿನೀರಿನಲ್ಲಿ. ನೆಲದ ಆಳದಲ್ಲಿ ಹೆಚ್ಚಿನ ಒತ್ತಡ ಮತ್ತು ತಾಪಕ್ಕೆ ಸಿಕ್ಕಿದ ನೀರು ಬಂಡೆಗಳಿಂದ ಸಿಲಿಕಾವನ್ನು, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತವನ್ನು, ಕರಗಿಸಿಕೊಂಡು ಬಿರುಕುಗಳ ಮೂಲಕ ಮೇಲೇರುತ್ತದೆ. ಮೇಲೇರಿದಂತೆ ತಣಿದು ಒತ್ತಡವೂ ಇಳಿದಾಗ, ಕರಗಿದ ಸಿಲಿಕಾ ಬಿರುಕಿನ ಗೋಡೆಗಳ ಮೇಲೆ ಹರಳುಗಟ್ಟುತ್ತದೆ. ಬಿರುಕು ಇಕ್ಕಟ್ಟಾಗಿದ್ದು ಹರಳುಗಳು ಅವಸರದಲ್ಲಿ ಒಂದನ್ನೊಂದು ತಳ್ಳುತ್ತ ಬೆಳೆದರೆ ಬಿಳಿಯ ಬೆಣಚುಕಲ್ಲು ಸಿಗುತ್ತದೆ. ಅದರ ಹಾಲುಬಣ್ಣವು ಯಾವ ವರ್ಣದ್ರವ್ಯದಿಂದಲೂ ಬಂದುದಲ್ಲ. ಬೆಳೆಯುವಾಗ ಒಳಗೆ ಸಿಕ್ಕಿಹಾಕಿಕೊಂಡ ಅಸಂಖ್ಯಾತ ಸೂಕ್ಷ್ಮ ನೀರಹನಿಗಳು ಮತ್ತು ಅನಿಲದ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಕಲ್ಲು ಬಿಳಿಯಾಗಿ ಕಾಣುತ್ತದೆ. ಬಿರುಕಿನ ಬದಲು ಪೊಟರೆಯಂಥ ಖಾಲಿ ಜಾಗವಿದ್ದು, ದ್ರಾವಣ ಬಹುಕಾಲ ಒಂದೇ ಸಮನಾಗಿ ನಿಧಾನವಾಗಿ ತಣಿದರೆ, ಆರು ಮುಖಗಳ ಕಂಬದಂತೆ ನಿಂತು ತುದಿಯಲ್ಲಿ ಚೂಪಾಗುವ ಪಾರದರ್ಶಕ ಹರಳು ರೂಪುಗೊಳ್ಳುತ್ತದೆ. ಬೆಳೆದ ಮೇಲೆ ಭೂಮಿಯ ಒತ್ತಡಗಳಿಗೆ ಸಿಕ್ಕಿ ಬಿರಿಯದೆ ಉಳಿಯುವುದೂ ಅಷ್ಟೇ ಮುಖ್ಯ, ಮತ್ತು ಅದು ಬಹಳ ಹರಳುಗಳಿಗೆ ಸಾಧ್ಯವಾಗುವುದಿಲ್ಲ. ದ್ರಾವಣದಲ್ಲಿ ಕಬ್ಬಿಣದ ಲೇಶ ಸೇರಿ, ಸುತ್ತಲಿನ ಬಂಡೆಗಳ ಸಹಜ ವಿಕಿರಣವೂ ತಾಗಿದರೆ ನೇರಳೆ ಬಣ್ಣದ ಅಮೆಥಿಸ್ಟ್ ಆಗುತ್ತದೆ. ಅಲ್ಯೂಮಿನಿಯಂ ಲೇಶದ ಮೇಲೆ ಅದೇ ವಿಕಿರಣ ಕೆಲಸ ಮಾಡಿದರೆ ಹೊಗೆಬಣ್ಣದ ಸ್ಫಟಿಕವಾಗುತ್ತದೆ. ಚಿನ್ನವೂ ಅನೇಕ ವೇಳೆ ಇದೇ ಬಿಸಿನೀರಿನ ಜೊತೆಗಾರ. ಕೋಲಾರದಲ್ಲಿ ಗಣಿಗಾರರು ಆಳಕ್ಕಿಳಿದು ಬೆನ್ನಟ್ಟಿದ್ದು ಚಿನ್ನ ಹೊತ್ತ ಬೆಣಚುಕಲ್ಲಿನ ಪಟ್ಟಿಗಳನ್ನೇ.

ಮಲೆನಾಡಿನ ಈ ಭಾಗದ ತಳಬಂಡೆಯು ಬಹುಪಾಲು ಗ್ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರಿತ ಶಿಲೆಯಾಗಿದ್ದು, ದಕ್ಷಿಣ ಭಾರತದ ಪ್ರಾಚೀನ ಶಿಲಾಸ್ತರಕ್ಕೆ ಸೇರಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಶಿಲೆಯ ಮುಖ್ಯ ಖನಿಜಗಳೆಂದರೆ ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಮತ್ತು ಅಭ್ರಕದ ಜಾತಿಯವು. ಮುಂಗಾರಿನಲ್ಲಿ ತಿಂಗಳುಗಟ್ಟಲೆ ಸುರಿಯುವ, ಗಾಳಿಯ ಮತ್ತು ಕೊಳೆತ ಎಲೆಯ ಇಂಗಾಲಾಮ್ಲ ಬೆರೆತು ತುಸು ಹುಳಿಯಾದ ನೀರು ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಜೇಡಿಮಣ್ಣಾಗಿ ಮಾರ್ಪಡಿಸುತ್ತದೆ, ಕಬ್ಬಿಣವನ್ನು ತುಕ್ಕಾಗಿಸಿ ಮಣ್ಣಿಗೆ ಕೆಂಪು ಕೊಡುತ್ತದೆ, ಜಂಬಿಟ್ಟಿಗೆಯನ್ನು ಹುಟ್ಟಿಸುತ್ತದೆ. ಕ್ವಾರ್ಟ್ಜನ್ನು ಮಾತ್ರ ಅದು ಬಹುಮಟ್ಟಿಗೆ ಮುಟ್ಟಲಾರದು. ಹೀಗಾಗಿ ಗುಡ್ಡವೆಲ್ಲ ಮಣ್ಣಾದರೂ ಬೆಣಚುಕಲ್ಲಿನ ಪಟ್ಟಿ ಮಣ್ಣಿನ ನಡುವೆ ಹಾಗೆಯೇ ನಿಂತಿರುತ್ತದೆ; ಅದು ಒಡೆದು ಚೂರಾಗಿ ಹಳ್ಳಕ್ಕಿಳಿದರೆ ಮರಳಾಗುತ್ತದೆ. ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ಹರಿಹರಪುರಗಳನ್ನು ಹಾದುಹೋಗುವ ತುಂಗೆಯಾಗಲಿ, ಅದೇ ಬೆಟ್ಟದಿಂದ ಹೊರಟು ಕಳಸ, ಬಾಳೆಹೊನ್ನೂರುಗಳ ಮಾರ್ಗವಾಗಿ ನರಸಿಂಹರಾಜಪುರದ ಸೀಮೆಗೆ ಬರುವ ಭದ್ರೆಯಾಗಲಿ ತಮ್ಮ ದಂಡೆಯಲ್ಲಿ ಬಿಟ್ಟುಹೋಗುವ ಮರಳಿನ ಬಹುಪಾಲು ಕಣಗಳು ಕ್ವಾರ್ಟ್ಜಿನವು. ಮಳೆಗಾಲಗಳ ಇಷ್ಟು ಉದ್ದದ ಪರೀಕ್ಷೆಯಲ್ಲಿ ಉಳಿದುಬಂದ ವಸ್ತುವೇ ಅಭಿಷೇಕಕ್ಕೂ ಯೋಗ್ಯವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮೊಸರು, ಜೇನು, ಎಳನೀರು, ಹಣ್ಣಿನ ರಸ ಇವು ದಿನವೂ ಬಿದ್ದರೆ ಅಮೃತಶಿಲೆಯ ಮೈಯನ್ನು ಹುಳಿಯು ತಿಂದು ಒರಟಾಗಿಸುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ. ಸ್ಫಟಿಕಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ಸಾಮಾನ್ಯ ತಾಪದಲ್ಲಿ ಅದನ್ನು ಕರಗಿಸಬಲ್ಲ ಆಮ್ಲವೆಂದರೆ ಹೈಡ್ರೋಫ್ಲೋರಿಕ್ ಆಮ್ಲ ಒಂದೇ.

ಸ್ಫಟಿಕಕ್ಕೆ ಅಪಾಯವಿರುವುದು ತಾಪದ ಹಠಾತ್ ಏರಿಳಿತದಿಂದ. ಒಳಗೆ ಸಿಕ್ಕಿಕೊಂಡ ನೀರಹನಿಗಳು ಕಾದು ಹಿಗ್ಗಿದರೆ, ಅಥವಾ ಒಂದು ಪಕ್ಕ ಮಾತ್ರ ಬೇಗ ಬಿಸಿಯಾದರೆ ಹರಳು ಬಿರಿಯಬಹುದು. ಆದ್ದರಿಂದ ಕರ್ಪೂರದ ಉರಿಯನ್ನು ಸ್ಫಟಿಕದ ಮೂರ್ತಿಗಳಿಗೆ ತೀರ ಹತ್ತಿರ ಹಿಡಿಯದಿರುವುದು ಒಳ್ಳೆಯದು. 573 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕ್ವಾರ್ಟ್ಜಿನ ಒಳರಚನೆಯೇ ಬೇರೊಂದು ರೂಪಕ್ಕೆ ಹೊರಳುತ್ತದೆ, ಗಾತ್ರವೂ ಹಿಗ್ಗುತ್ತದೆ. ಈ ಹೊರಳುವಿಕೆಯ ಕಥೆಯಲ್ಲಿ ಬೆಂಗಳೂರಿಗೆ ಒಂದು ಗೌರವದ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಮತ್ತು ಅವರ ವಿದ್ಯಾರ್ಥಿ ಟಿ. ಎಂ. ಕೆ. ನೆಡುಂಗಾಡಿ ಅವರು ಕ್ವಾರ್ಟ್ಜನ್ನು ಕಾಯಿಸುತ್ತ, ಅದರಿಂದ ಚೆದುರಿದ ಬೆಳಕಿನ ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಪಟ್ಟಿಯನ್ನು, ಅಧ್ಯಯನ ಮಾಡಿ 1940ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಳಿನೊಳಗಿನ ಪರಮಾಣುಗಳು ಸದಾ ಕಂಪಿಸುತ್ತಿದ್ದು, ಪ್ರತಿಯೊಂದು ಬಗೆಯ ಕಂಪನವೂ ರೋಹಿತದಲ್ಲಿ ಒಂದು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ; 573 ಡಿಗ್ರಿ ಸಮೀಪಿಸಿದಂತೆ ಅವುಗಳಲ್ಲಿ ಒಂದು ಗೆರೆ ಮಂಕಾಗಿ ಅಗಲವಾಗುತ್ತ ಜಾಗ ಬಿಟ್ಟು ಸರಿಯುವುದನ್ನು ಅವರು ಕಂಡರು. ಅಂದರೆ ರಚನೆ ಬದಲಾಗುವ ಮೊದಲೇ ಒಂದು ಕಂಪನ ಬಿಗಿ ಕಳೆದುಕೊಂಡು ಮುಂದಿನ ರೂಪಕ್ಕೆ ದಾರಿ ಮಾಡಿಕೊಡುತ್ತದೆ. ಘನವಸ್ತುಗಳ ರೂಪಾಂತರವನ್ನು ಹೀಗೆ ಸಡಿಲಗೊಳ್ಳುವ ಕಂಪನಗಳ ಮೂಲಕ ವಿವರಿಸುವ ವಿಚಾರ ಭೌತವಿಜ್ಞಾನದಲ್ಲಿ ನೆಲೆಗೊಂಡದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ರಾಮನ್ ಅವರ ಹೆಸರಿನೊಂದಿಗೆ ಜನ ನೆನೆಯುವುದು ಬೆಳಕಿನ ಚೆದುರುವಿಕೆಯ ಬಗೆಗಿನ 1928ರ ಶೋಧವೊಂದನ್ನೇ ಆದರೂ, ಕ್ವಾರ್ಟ್ಜಿನ ಮೇಲಿನ ಈ ಚಿಕ್ಕ ಲೇಖನವು ಅದರ ಪಕ್ಕದಲ್ಲಿ ನಿಲ್ಲಿಸಬಹುದಾದ ಕೆಲಸ.

ಅದ್ವೈತ ಗ್ರಂಥಗಳು ಸ್ಫಟಿಕವನ್ನು ಮತ್ತೆ ಮತ್ತೆ ದೃಷ್ಟಾಂತವಾಗಿ ತರುತ್ತವೆ: ಕೆಂಪು ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಂಡರೂ ಅದು ಕೆಂಪಾಗಿರುವುದಿಲ್ಲ, ಹೂವನ್ನು ಸರಿಸಿದರೆ ತನ್ನ ಸ್ವಚ್ಛತೆಯಲ್ಲಿಯೇ ಇರುತ್ತದೆ. ದೃಷ್ಟಾಂತದ ಹಿಂದಿರುವ ವೀಕ್ಷಣೆ ನಿಖರವಾದುದು. ಕಣ್ಣಿಗೆ ಕಾಣುವ ಯಾವ ಬಣ್ಣದ ಬೆಳಕನ್ನೂ ಶುದ್ಧ ಕ್ವಾರ್ಟ್ಜ್ ಹೀರಿಕೊಳ್ಳುವುದಿಲ್ಲ. ನೆರೆಯ ವಸ್ತುವಿನಿಂದ ಬಂದ ಬೆಳಕನ್ನು ಬಾಗಿಸಿ, ಒಳಮೈಗಳಲ್ಲಿ ಪ್ರತಿಫಲಿಸಿ, ಬಣ್ಣವನ್ನು ಬದಲಿಸದೆ ಹೊರಗೆ ಕಳಿಸುತ್ತದೆ. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಅದು ಹಾದುಹೋಗಲು ಬಿಡುತ್ತದೆ, ಸಾಮಾನ್ಯ ಗಾಜು ಅವುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಮನೆಗಳಲ್ಲಿ ನೀರು ಶುದ್ಧಗೊಳಿಸಲು ಅತಿನೇರಳೆ ದೀಪವಿರುವ ಯಂತ್ರಗಳನ್ನು ಬಳಸುವಾಗ ದೀಪದ ಸುತ್ತ ಕರಗಿಸಿ ಎರಕಹೊಯ್ದ ಕ್ವಾರ್ಟ್ಜಿನ ನಳಿಕೆ ಇರುವುದು ಈ ಕಾರಣಕ್ಕೆ.

ಬೆಳಕನ್ನು ಬಾಗಿಸುವ ಸಾಮರ್ಥ್ಯವನ್ನು ವಕ್ರೀಭವನಾಂಕ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸ್ಫಟಿಕದಲ್ಲಿ ಅದು 1.544 ಮತ್ತು 1.553 ಎಂಬ ಎರಡು ಬೆಲೆಗಳನ್ನು ಹೊಂದಿದೆ. ಒಳಹೊಕ್ಕ ಕಿರಣವು ಎರಡಾಗಿ ಒಡೆದು ಬೇರೆ ಬೇರೆ ವೇಗದಲ್ಲಿ ಸಾಗುವುದೇ ಈ ಎರಡು ಬೆಲೆಗಳಿಗೆ ಕಾರಣ. ಸ್ಫಟಿಕದ ಗೋಲದ ಮೇಲೆ ಬಿಸಿಲು ಬಿದ್ದರೆ ಕಿರಣಗಳು ಗೋಲದ ಹಿಂಬದಿಯಲ್ಲಿ, ಮೈಯಿಂದ ತುಸುವೇ ದೂರದಲ್ಲಿ ಒಂದೆಡೆ ಸೇರುತ್ತವೆ. ಅಲ್ಲಿಟ್ಟ ಹತ್ತಿ ಹೊತ್ತಿಕೊಳ್ಳಬಲ್ಲದು. ಪ್ರಾಚೀನ ಕಾವ್ಯಗಳಲ್ಲಿ ಬಿಸಿಲು ತಾಗಿದರೆ ಬೆಂಕಿ ಉಗುಳುತ್ತದೆಂದು ಹೇಳಿರುವ ಸೂರ್ಯಕಾಂತ ಶಿಲೆಯ ಹಿಂದೆ ಇಂಥ ಅನುಭವ ಇದ್ದಿರಬೇಕೆಂದು ಊಹಿಸುವುದು ಅಸಂಗತವಲ್ಲ. ಅದರ ಜೋಡಿಯಾದ ಚಂದ್ರಕಾಂತವು ಬೆಳದಿಂಗಳಿಗೆ ನೀರು ಒಸರುತ್ತದೆಂಬುದು ಮಾತ್ರ ಕವಿಸಮಯ. ಇಂದು ಚಂದ್ರಕಾಂತ ಎಂದು ಮಾರುವ ಕಲ್ಲು ಕ್ವಾರ್ಟ್ಜಿನ ಜಾತಿಗೆ ಸೇರಿದ್ದಲ್ಲ, ಅದು ಫೆಲ್ಡ್‌ಸ್ಪಾರ್. ಎರಡು ಬಗೆಯ ಫೆಲ್ಡ್‌ಸ್ಪಾರಿನ ಅತಿ ತೆಳುವಾದ ಪದರಗಳು ಒಂದರ ಮೇಲೊಂದು ಕುಳಿತು ಬೆಳಕನ್ನು ಚೆದುರಿಸುವುದರಿಂದ ಅದರ ಒಳಗೆ ಬೆಳದಿಂಗಳಂಥ ಹೊಳಪು ತೇಲುತ್ತದೆ. ಈ ಕಲ್ಲನ್ನೂ ರಾಮನ್ ತಮ್ಮ ಸಹೋದ್ಯೋಗಿಗಳೊಂದಿಗೆ ಅಧ್ಯಯನ ಮಾಡಿ 1950ರಲ್ಲಿ ಸಿಲೋನಿನ ಚಂದ್ರಕಾಂತಗಳ ಬಗ್ಗೆ ಬರೆದಿದ್ದಾರೆ.

ಸ್ಫಟಿಕದ ಜೋಡಣೆಯಲ್ಲಿ ಎಲ್ಲಕ್ಕಿಂತ ಮಹತ್ವದ ಅಂಶವೆಂದರೆ ಅದರ ತಿರುಚು. ಚತುಷ್ಫಲಕಗಳ ಸರಪಳಿಯು ಹರಳಿನ ಉದ್ದಕ್ಕೂ ಸುರುಳಿಯಾಗಿ ಏರುತ್ತದೆ. ಸುರುಳಿ ಎಡಕ್ಕೂ ತಿರುಗಬಹುದು, ಬಲಕ್ಕೂ ತಿರುಗಬಹುದು, ಹಾಗಾಗಿ ಎಡಗೈಯ ಸ್ಫಟಿಕ ಮತ್ತು ಬಲಗೈಯ ಸ್ಫಟಿಕ ಎಂಬ ಎರಡು ಬಗೆಗಳಿವೆ. ಫ್ರಾನ್ಸಿನ ಫ್ರಾಂಸ್ವಾ ಅರಾಗೋ 1811ರಲ್ಲಿ ಸ್ಫಟಿಕದ ಬಿಲ್ಲೆಯ ಮೂಲಕ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಹಾಯಿಸಿದಾಗ ಆ ಸಮತಲವೇ ತಿರುಗಿ ಹೊರಬಂದುದನ್ನು ಕಂಡನು. ಸುರುಳಿಯ ಇನ್ನೊಂದು ಪರಿಣಾಮವೆಂದರೆ ಹರಳಿಗೆ ಸಮ್ಮಿತಿಯ ಕೇಂದ್ರವಿಲ್ಲದಿರುವುದು. ಅದನ್ನು ತಕ್ಕ ದಿಕ್ಕಿನಲ್ಲಿ ಅದುಮಿದರೆ ಧನ ಮತ್ತು ಋಣ ವಿದ್ಯುದಂಶಗಳು ಸಮನಾಗಿ ಸರಿಯದೆ, ಒಂದು ಮೈಗೆ ಧನ, ಎದುರಿನ ಮೈಗೆ ಋಣ ಎಂಬಂತೆ ಬೇರ್ಪಡುತ್ತವೆ. ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದ ಈ ಗುಣಕ್ಕೆ ಒತ್ತಡವಿದ್ಯುತ್ ಎಂದು ಹೆಸರು. ಅವರು ಪರೀಕ್ಷಿಸಿದ ಹರಳುಗಳಲ್ಲಿ ಕಬ್ಬಿನ ಸಕ್ಕರೆಯೂ ಇತ್ತು. ಮರುವರ್ಷವೇ ಇದರ ವಿಲೋಮವೂ ದೃಢಪಟ್ಟಿತು: ಸ್ಫಟಿಕಕ್ಕೆ ವಿದ್ಯುತ್ತನ್ನು ಒಡ್ಡಿದರೆ ಅದು ಅತಿ ಸೂಕ್ಷ್ಮವಾಗಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಪಿಯರ್ ಮತ್ತು ಮೇರಿ ಕ್ಯೂರಿ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂಗಳನ್ನು ಪತ್ತೆಹಚ್ಚುವಾಗ ವಿಕಿರಣದಿಂದುಂಟಾದ ಅತ್ಯಲ್ಪ ವಿದ್ಯುತ್ತನ್ನು ಅಳೆದದ್ದು ಸ್ಫಟಿಕದ ಇಂಥ ಒಂದು ಉಪಕರಣದಿಂದಲೇ.

ಪರ್ಯಾಯ ವಿದ್ಯುತ್ತಿನಿಂದ ಹಿಗ್ಗುತ್ತ ಕುಗ್ಗುತ್ತ ಹೋಗುವ ಸ್ಫಟಿಕದ ಚೂರು ತನ್ನ ಆಕಾರ ಮತ್ತು ಗಾತ್ರಕ್ಕೆ ತಕ್ಕ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸಲೀಸಾಗಿ ಕಂಪಿಸುತ್ತದೆ. ಆ ವೇಗವು ತಾಪಕ್ಕಾಗಲಿ ಕಾಲಕ್ಕಾಗಲಿ ಬಹಳ ಕಡಿಮೆ ಬದಲಾಗುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ವಾರೆನ್ ಮ್ಯಾರಿಸನ್ ಮತ್ತು ಜೆ. ಡಬ್ಲ್ಯು. ಹಾರ್ಟನ್ 1927ರಲ್ಲಿ ಸ್ಫಟಿಕದ ಕಂಪನದಿಂದ ನಡೆಯುವ ಗಡಿಯಾರ ಕಟ್ಟಿದರು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿಯು ಅದನ್ನು ಕೈಗಡಿಯಾರದೊಳಗೆ ಅಡಕಗೊಳಿಸಿ ಮಾರಾಟಕ್ಕಿಟ್ಟಿತು. ಇಂದಿನ ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಕತ್ತರಿಸಲ್ಪಟ್ಟಿರುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುವುದರಿಂದ, ಒಂದು ಸಣ್ಣ ವಿದ್ಯುನ್ಮಂಡಲವು ಹಾಗೆ ಅರ್ಧಿಸಿ ಸೆಕೆಂಡಿಗೊಂದು ಮಿಡಿತವನ್ನು ಮುಳ್ಳಿಗೆ ಒದಗಿಸುತ್ತದೆ. ಕರ್ನಾಟಕದ ಜನಕ್ಕೆ ಈ ಬದಲಾವಣೆ ದೂರದ ಸುದ್ದಿಯಾಗಿರಲಿಲ್ಲ. 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, ಕೀಲಿ ಕೊಡುವ ಗಡಿಯಾರಗಳಿಂದ ಮನೆಮಾತಾಯಿತು. ಎಂಬತ್ತರ ದಶಕದಲ್ಲಿ ಗಡಿಯಾಚೆಯ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆ ಸ್ಫಟಿಕ ಗಡಿಯಾರಗಳನ್ನೇ ನೆಚ್ಚಿ ಬೆಳೆಯಿತು. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿತು. ಅದರ ಅವನತಿಗೆ ಅನೇಕ ಕಾರಣಗಳಿದ್ದರೂ, ಮರಳಿನ ಕಣಕ್ಕಿಂತ ತುಸುವೇ ದೊಡ್ಡದಾದ ಕ್ವಾರ್ಟ್ಜಿನ ಚೂರು ಅವುಗಳಲ್ಲೊಂದು. ರೇಡಿಯೊ, ಕಂಪ್ಯೂಟರ್, ಮೊಬೈಲ್ ಫೋನು ಎಲ್ಲದರೊಳಗೂ ಕಾಲದ ಲೆಕ್ಕ ಇಡಲು ಇಂಥ ಚೂರುಗಳಿವೆ.

ಇಷ್ಟು ಬಳಕೆಗೆ ಪ್ರಕೃತಿ ಕೊಡುವ ನಿರ್ದೋಷ ಹರಳುಗಳು ಸಾಲುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ರೇಡಿಯೊಗಳಿಗಾಗಿ ಕೋಟಿಗಟ್ಟಲೆ ಸ್ಫಟಿಕದ ಬಿಲ್ಲೆಗಳು ಬೇಕಾದಾಗ ಅಮೆರಿಕವು ಬ್ರೆಜಿಲಿನ ಗಣಿಗಳನ್ನು ಅವಲಂಬಿಸಬೇಕಾಯಿತು. ಆ ಇಕ್ಕಟ್ಟೇ ಕೃತಕ ಸ್ಫಟಿಕದ ತಯಾರಿಕೆಗೆ ಒತ್ತಾಸೆಯಾಯಿತು. ಇಟಲಿಯ ಜಾರ್ಜಿಯೊ ಸ್ಪೆಜಿಯಾ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತೋರಿಸಿದ್ದ ಮಾರ್ಗ ಅದಕ್ಕೆ ಆಧಾರ: ದಪ್ಪ ಉಕ್ಕಿನ ಕೊಳವೆಯ ತಳದಲ್ಲಿ ಬೆಣಚುಕಲ್ಲಿನ ಚೂರುಗಳು, ಮೇಲೆ ತೂಗುಹಾಕಿದ ತೆಳುವಾದ ಸ್ಫಟಿಕದ ಬೀಜಗಳು, ಒಳಗೆ ಕ್ಷಾರ ಬೆರೆಸಿದ ನೀರು, ಸುಮಾರು 350 ಡಿಗ್ರಿ ತಾಪ, ವಾತಾವರಣದ ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡ. ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಕಲ್ಲುಸಕ್ಕರೆ ಕಟ್ಟಿಕೊಳ್ಳುವಂತೆ, ತಳದಲ್ಲಿ ಕರಗಿದ ಸಿಲಿಕಾ ತುಸು ತಂಪಾದ ಮೇಲ್ಭಾಗಕ್ಕೆ ಬಂದು ಬೀಜದ ಮೇಲೆ ದಿನಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ ವೇಗದಲ್ಲಿ ಕಟ್ಟುತ್ತದೆ. ಬೆಣಚುಕಲ್ಲು ಸ್ಫಟಿಕವಾಗುವುದು ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಅದೇ ಸ್ಫಟಿಕವನ್ನು ಸುಮಾರು 1,700 ಡಿಗ್ರಿಯಲ್ಲಿ ಕರಗಿಸಿ ಆರಿಸಿದರೆ ಅದು ಸಿಲಿಕಾ ಗಾಜಾಗುತ್ತದೆ. ಪರಮಾಣುಗಳು ಅವೇ, ಪಾರದರ್ಶಕತೆಯೂ ಹಾಗೆಯೇ, ಆದರೆ ಸುರುಳಿಯ ಕ್ರಮ ಚದುರಿಹೋದುದರಿಂದ ಅದನ್ನು ಎಷ್ಟು ಅದುಮಿದರೂ ವಿದ್ಯುತ್ ಹುಟ್ಟುವುದಿಲ್ಲ, ಅದರಿಂದ ಗಡಿಯಾರವೂ ನಡೆಯುವುದಿಲ್ಲ.

ತೀರ್ಥಕ್ಷೇತ್ರಗಳ ಅಂಗಡಿಬೀದಿಗಳಲ್ಲಿ ಸ್ಫಟಿಕದ ಮಾಲೆ, ಲಿಂಗ, ಶ್ರೀಚಕ್ರಗಳೆಂದು ಮಾರುವ ವಸ್ತುಗಳಲ್ಲಿ ಗಾಜಿನವೂ ಸೇರಿರುತ್ತವೆ. ಕೊಳ್ಳುವವರು ಮೋಸಹೋಗದಿರಲು ಕೆಲವು ಸುಲಭ ಪರೀಕ್ಷೆಗಳಿವೆ. ಸ್ಫಟಿಕದ ಉಷ್ಣವಾಹಕತೆ ಗಾಜಿನದಕ್ಕಿಂತ ಆರರಿಂದ ಹತ್ತು ಪಟ್ಟು ಹೆಚ್ಚು. ಆದ್ದರಿಂದ ಅದನ್ನು ಕೆನ್ನೆಗೆ ಮುಟ್ಟಿಸಿದಾಗ ಮೈಯ ಬಿಸಿಯನ್ನು ಬೇಗನೆ ಸೆಳೆದು ತಣ್ಣಗೆನಿಸುತ್ತದೆ, ಗಾಜು ಅಷ್ಟು ತಣ್ಣಗೆನಿಸುವುದಿಲ್ಲ. ಭೂತಗನ್ನಡಿಯಲ್ಲಿ ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಅದು ಗಾಜು. ತೆಳುವಾದ ಮುಸುಕಿನಂಥ ಮಬ್ಬು ಕಂಡರೆ ನಿಜವಾದ ಹರಳಿರುವ ಸಂಭವ ಹೆಚ್ಚು. ಗೋಲವಾಗಿದ್ದರೆ ಒಂದು ಕೂದಲೆಳೆಯ ಮೇಲಿಟ್ಟು ತಿರುಗಿಸುತ್ತ ನೋಡಬೇಕು. ಕಿರಣ ಎರಡಾಗುವ ಗುಣದಿಂದ ಸ್ಫಟಿಕದ ಮೂಲಕ ಕೆಲವು ದಿಕ್ಕುಗಳಲ್ಲಿ ಎಳೆ ಜೋಡಿಯಾಗಿ ಕಾಣುತ್ತದೆ, ಗಾಜಿನಲ್ಲಿ ಎಂದೂ ಒಂದೇ. ಗೀರಿ ನೋಡುವ ಪರೀಕ್ಷೆಯನ್ನು ಪೂಜಾವಸ್ತುವಿನ ಮೇಲೆ ಮಾಡದಿರುವುದೇ ಲೇಸು. ಬೆಲೆಬಾಳುವ ವಸ್ತುವಾದರೆ ರತ್ನಪರೀಕ್ಷೆಯ ಪ್ರಯೋಗಾಲಯಕ್ಕೆ ಒಯ್ಯಬಹುದು; ಅಲ್ಲಿ ಬಳಸುವ ರಾಮನ್ ರೋಹಿತದರ್ಶಕವು ಕಲ್ಲಿಗೆ ಕಿಂಚಿತ್ತೂ ಧಕ್ಕೆಯಾಗದಂತೆ, ಲೇಸರ್ ಬೆಳಕು ಬಿಟ್ಟು ಕ್ವಾರ್ಟ್ಜಿನ ಗೆರೆಗಳನ್ನು ಕ್ಷಣದಲ್ಲಿ ಗುರುತಿಸುತ್ತದೆ. ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವನ್ನು ಗಣಿಯ ಸ್ಫಟಿಕದಿಂದ ಬೇರ್ಪಡಿಸಲು ಮನೆಯ ಪರೀಕ್ಷೆಗಳಿಂದ ಸಾಧ್ಯವಿಲ್ಲ, ಅದಕ್ಕೆ ಇನ್ನೂ ಸೂಕ್ಷ್ಮ ವಿಶ್ಲೇಷಣೆ ಬೇಕು.

ಸ್ಫಟಿಕ ಧರಿಸಿದರೆ ರಕ್ತದೊತ್ತಡ ಇಳಿಯುತ್ತದೆ, ಅದರ ಒತ್ತಡವಿದ್ಯುತ್ ದೇಹಕ್ಕೆ ಶಕ್ತಿ ತುಂಬುತ್ತದೆ ಎಂಬ ಜಾಹೀರಾತುಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಅದುಮಿದ ಕ್ಷಣದಲ್ಲಿ ಮಾತ್ರ ವಿದ್ಯುದಂಶ ಬೇರ್ಪಡುತ್ತದೆ, ಕೊರಳಲ್ಲಿ ತೂಗುವ ಮಣಿಗೆ ಅಂಥ ಒತ್ತಡವೇ ಬೀಳುವುದಿಲ್ಲ. ಮಾಲೆ ತಂಪೆನಿಸುವುದು ಉಷ್ಣವಾಹಕತೆಯಿಂದ, ಮತ್ತು ಆ ತಂಪು ಮಣಿ ಮೈಯಷ್ಟೇ ಬಿಸಿಯಾಗುವವರೆಗೆ ಮಾತ್ರ. ಜಪಕ್ಕೆ ಸ್ಫಟಿಕವನ್ನು ಆರಿಸಿಕೊಂಡವರ ಶ್ರದ್ಧೆಗೆ ಇಂಥ ಹುಸಿವಿಜ್ಞಾನದ ಊರುಗೋಲು ಬೇಕಿಲ್ಲ.

ಸ್ಫಟಿಕದ ವಿಷಯದಲ್ಲಿ ನಿಜವಾದ ಆರೋಗ್ಯದ ಪ್ರಶ್ನೆ ಧರಿಸುವವರದಲ್ಲ, ಕಡೆಯುವವರದು. ಕ್ವಾರ್ಟ್ಜನ್ನು ಒಣಗಿದ್ದಾಗಲೇ ಕೊಯ್ದು, ಕೊರೆದು, ಉಜ್ಜಿದಾಗ ಏಳುವ ಅತಿನುಣುಪಾದ ದೂಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನಿಲ್ಲುತ್ತದೆ. ಮಳೆಯಿಂದಲೂ ಹುಳಿಯಿಂದಲೂ ಕರಗದ ಕಣಗಳನ್ನು ದೇಹವೂ ಕರಗಿಸಲಾರದು. ಅವುಗಳ ಸುತ್ತ ಗಾಯದ ಅಂಗಾಂಶ ಬೆಳೆಯುತ್ತ ಹೋಗಿ ಉಸಿರಾಟವೇ ಕಷ್ಟವಾಗುವ ಕಾಯಿಲೆಗೆ ಸಿಲಿಕೋಸಿಸ್ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಇದು ಕಾಡಿತು, ಗುಜರಾತಿನ ಖಂಭಾತದಲ್ಲಿ ಅಗೇಟ್ ಕಲ್ಲಿನ ಮಣಿ ಮಾಡುವ ಕುಟುಂಬಗಳನ್ನು ಕಾಡಿದೆ. ಬಂದ ಮೇಲೆ ಇದನ್ನು ಪೂರ್ತಿ ಗುಣಪಡಿಸುವ ಔಷಧವಿಲ್ಲ, ಬಾರದಂತೆ ತಡೆಯುವ ಉಪಾಯಗಳು ಮಾತ್ರ ಸರಳ: ಕಲ್ಲಿನ ಮೇಲೆ ಸದಾ ನೀರು ಹರಿಸುತ್ತ ಕೊಯ್ಯುವುದು, ದೂಳನ್ನು ಹುಟ್ಟಿದ ಜಾಗದಲ್ಲೇ ಎಳೆದು ಹೊರಹಾಕುವ ಯಂತ್ರವಿಡುವುದು, ತಕ್ಕ ಮುಖಕವಚ ಕೊಡುವುದು, ಕಾಲಕಾಲಕ್ಕೆ ಎದೆಯ ತಪಾಸಣೆ ಮಾಡಿಸುವುದು. ಇವುಗಳಿಗೆ ತಗಲುವ ಖರ್ಚು ಮಾಲೆಯ ಬೆಲೆಯಲ್ಲಿ ಸೇರಿದರೆ ಅದನ್ನು ಕೊಡಲು ಕೊಳ್ಳುವವರು ಹಿಂಜರಿಯಬಾರದು, ಮತ್ತು ಮಾಲೆ ಎಲ್ಲಿ, ಹೇಗೆ ತಯಾರಾಯಿತೆಂದು ಅಂಗಡಿಯವರನ್ನು ಕೇಳಬೇಕು.